ಏರ್ ಫ್ರೈಯರ್ ಕೋಳಿ ಗರಿಗರಿಯಾಗದಿದ್ದರೆ: ಕೊಡಗಿನ ಅಡುಗೆಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಬಿಸಿಗಾಳಿ ಬೀಸಿ ಹುರಿಯುವ ಏರ್ ಫ್ರೈಯರ್‌ನಲ್ಲಿ ಮಾಡಿದ ಕೋಳಿ ಮೆತ್ತಗಾಯಿತು ಎಂಬ ಮಾತು ಕೊಡಗಿನಲ್ಲಿ ಮಳೆಗಾಲದಲ್ಲೇ ಹೆಚ್ಚಾಗಿ ಕೇಳಿಬರುತ್ತದೆ, ಮತ್ತು ಬಹಳಷ್ಟು ಮನೆಗಳಲ್ಲಿ ಅದರ ಹೊಣೆಯನ್ನು ನೇರವಾಗಿ ತೇವ ತುಂಬಿದ ಥಂಡಿ ಗಾಳಿಯ ಮೇಲೆ ಹೊರಿಸಿ ಸುಮ್ಮನಾಗುತ್ತಾರೆ. ಈ ತೀರ್ಮಾನ ಅರ್ಧ ಮಾತ್ರ ಸರಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಹೆಚ್ಚೆಂದರೆ 17 ಗ್ರಾಂನಷ್ಟು. ಆ ಲೆಕ್ಕದಲ್ಲಿ 4 ಲೀಟರ್ ಬುಟ್ಟಿಯೊಳಗಿನ ಗಾಳಿಯಲ್ಲಿರುವ ತೇವ ಒಂದು ಗ್ರಾಂನ ಹತ್ತನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಹಸಿ ಕೋಳಿ ಮಾಂಸದಲ್ಲಾದರೋ ತೂಕದ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ಅರ್ಧ ಕಿಲೋ ಮಾಂಸ ಬೇಯುವಾಗ ತನ್ನ ತೂಕದ ಐದನೇ ಒಂದು ಭಾಗವನ್ನು ಕಳೆದುಕೊಂಡಿತೆಂದರೆ 100 ಗ್ರಾಂ ನೀರು ಹೊರಬಂದಂತಾಯಿತು. ಅದರಲ್ಲಿ ಸ್ವಲ್ಪ ಕೆಳಗೆ ತೊಟ್ಟಿಕ್ಕಿದರೂ ಉಳಿದದ್ದು ಆವಿಯಾಗಿಯೇ ಹೋಗಬೇಕು. ಅಂದರೆ ಯಂತ್ರದೊಳಗಿನ ತೇವ ಕೋಳಿಯದೇ ಹೊರತು ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಮಳೆಯದಲ್ಲ. ಮಳೆ ಕೆಡಿಸುವುದು ಎರಡು ಕಡೆ: ಕೋಳಿ ಬುಟ್ಟಿಗೆ ಇಳಿಯುವ ಮೊದಲು ಹಿಟ್ಟಿನ ಡಬ್ಬಿಯಲ್ಲಿ, ಮತ್ತು ಬುಟ್ಟಿಯಿಂದ ಹೊರಬಂದ ಮೇಲೆ ತಟ್ಟೆಯಲ್ಲಿ. ನಡುವಿನ ಹಂತದಲ್ಲಿ ಅದು ಬೇರೆ ವೇಷದಲ್ಲಿ, ಕರೆಂಟಿನ ಮೂಲಕ ಬರುತ್ತದೆ.

ಮಡಿಕೇರಿಯ ಎತ್ತರವನ್ನು ದೂರುವವರೂ ಇದ್ದಾರೆ. ಅಲ್ಲಿ ನೀರು 100 ಡಿಗ್ರಿಯ ಬದಲು ಸುಮಾರು 96 ಡಿಗ್ರಿಗೆ ಕುದಿಯುತ್ತದೆ ಎಂಬುದು ನಿಜವಾದರೂ, ಮೇಲ್ಮೈ ಬೇಗ ಒಣಗಬೇಕಾದ ಈ ಅಡುಗೆಗೆ ಅದರಿಂದ ತೊಂದರೆಯೇನೂ ಇಲ್ಲ.

ಹೋಲಿಸಿ ನೋಡಲು ಒಂದು ಅಳತೆ ಬೇಕು. 4 ಲೀಟರ್ ಬುಟ್ಟಿಯ, 1500 ವಾಟ್‌ನ ಯಂತ್ರದಲ್ಲಿ ಅರ್ಧ ಕಿಲೋ ಬ್ರಾಯ್ಲರ್ ಕೋಳಿ, ಒಂದೇ ಪದರವಾಗಿ, 190 ಡಿಗ್ರಿಯಲ್ಲಿ, ಎಲುಬಿಲ್ಲದ ತುಂಡುಗಳಾದರೆ 12ರಿಂದ 14 ನಿಮಿಷ, ಲೆಗ್ ಪೀಸ್ ಆದರೆ 22ರಿಂದ 25 ನಿಮಿಷ, ನಡುವೆ ಒಮ್ಮೆ ತಿರುವಿ ಹಾಕುವುದು: ಇದು ಸರಿಯಾಗಿ ನಡೆಯುವ ಯಂತ್ರದ ಲೆಕ್ಕ. ಇಷ್ಟರಲ್ಲಿ ಗರಿಗರಿಯಾಗದಿದ್ದರೆ ಮಾತ್ರ ಮುಂದಿನದ್ದನ್ನು ಓದಬೇಕು. ನಾಟಿ ಕೋಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದರ ಮಾಂಸ ಮೆದುವಾಗುವಷ್ಟು ಹೊತ್ತು ಒಣ ಬಿಸಿಗಾಳಿಯಲ್ಲಿ ಇಟ್ಟರೆ ಹೊರಗೆ ತೊಗಲು, ಒಳಗೆ ನಾರು ಎಂಬಂತಾಗುತ್ತದೆ. ನಾಟಿ ಕೋಳಿಯ ಜಾಗ ಸಾರಿನ ಪಾತ್ರೆಯೇ.

ಮೊದಲ ಪ್ರಶ್ನೆ: ತಪ್ಪು ಯಂತ್ರದ್ದೋ, ಕೋಳಿಯದ್ದೋ?

ಮಸಾಲೆ ಬದಲಿಸುವುದಕ್ಕೂ ಹಿಟ್ಟು ಬದಲಿಸುವುದಕ್ಕೂ ಮೊದಲು ಈ ಎರಡನ್ನು ಬೇರ್ಪಡಿಸಿಕೊಳ್ಳಬೇಕು, ಇಲ್ಲವಾದರೆ ಕೋಳಿಗೂ ಖರ್ಚು, ಸಮಯಕ್ಕೂ ಖರ್ಚು. ಇದಕ್ಕೆ ಬ್ರೆಡ್ ಸಾಕು. ಖಾಲಿ ಯಂತ್ರವನ್ನು 180 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿ, ಬುಟ್ಟಿಯ ತಳ ಮುಚ್ಚುವಂತೆ ಬ್ರೆಡ್ ಹೋಳುಗಳನ್ನು ಹಾಸಿ, ಅವು ಫ್ಯಾನಿನ ರಭಸಕ್ಕೆ ಮೇಲೆದ್ದು ಶಾಖ ಕೊಡುವ ಕಾಯಿಲ್‌ಗೆ ತಗಲದಂತೆ ಮೇಲೊಂದು ಸ್ಟೀಲ್ ಜಾಲರಿ ಇಟ್ಟು, ಮತ್ತೆ ನಾಲ್ಕರಿಂದ ಐದು ನಿಮಿಷ ನಡೆಸಿ ನೋಡಬೇಕು. ಎಲ್ಲವೂ ಸಮನಾಗಿ ಹೊಂಬಣ್ಣಕ್ಕೆ ತಿರುಗಿದ್ದರೆ ಯಂತ್ರ ಸರಿಯಿದೆ, ತಪ್ಪನ್ನು ಕೋಳಿಯಲ್ಲಿ ಹುಡುಕಬೇಕು. ಒಂದು ಮೂಲೆ ಬಿಳಿಯಾಗಿಯೇ ಉಳಿದು ಇನ್ನೊಂದು ಮೂಲೆ ಕಂದಿದ್ದರೆ ಗಾಳಿಯ ಓಟ ಸಮನಾಗಿಲ್ಲ. ಎಲ್ಲವೂ ಒಂದೇ ಸಮನೆ ಬಿಳಚಿಕೊಂಡಿದ್ದರೆ ಶಾಖವೇ ಸಾಲುತ್ತಿಲ್ಲ.

ಗಾಳಿಯ ಓಟ ಕೆಡಲು ಕಾರಣ ಸಾಮಾನ್ಯವಾಗಿ ಜಿಡ್ಡು. ಪ್ಲಗ್ ತೆಗೆದು, ಯಂತ್ರ ಪೂರ್ತಿ ಆರಿದ ಮೇಲೆ ಅದನ್ನು ಮಗುಚಿ ಟಾರ್ಚ್ ಹಾಕಿ ನೋಡಿದರೆ ಕಾಯಿಲ್‌ನ ಸುತ್ತ ಮತ್ತು ಅದರ ಮೇಲಿನ ಫ್ಯಾನಿನ ಜಾಲರಿಯಲ್ಲಿ ಕಂದು ಬಣ್ಣದ ಅಂಟು ಕಾಣುತ್ತದೆ. ಒದ್ದೆ ಬಟ್ಟೆಗೆ ಅಡುಗೆ ಸೋಡಾ ಹಚ್ಚಿ ಒರೆಸಿ, ಬರಿ ಒದ್ದೆ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ ಒಣಗಿಸಬೇಕು. ಯಂತ್ರದ ಹಿಂಭಾಗ ಗೋಡೆಗೆ ಆತುಕೊಂಡಿದ್ದರೂ ಆವಿ ಹೊರಹೋಗುವ ದಾರಿ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಕನಿಷ್ಠ 10 ಸೆಂಟಿಮೀಟರ್ ಜಾಗ ಬಿಡಬೇಕು.

ಶಾಖವೇ ಸಾಲದಿದ್ದರೆ ವೋಲ್ಟೇಜ್ ನೋಡಬೇಕು

ಕೊಡಗಿನ ಮಟ್ಟಿಗೆ ಈ ಕೈಪಿಡಿಯ ಅತಿ ಮುಖ್ಯ ಭಾಗ ಇದೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ಈ ದೋಷ ಕಣ್ಣಿಗೆ ಬೀಳುವುದಿಲ್ಲ. ಕಾಯಿಲ್ ಕೊಡುವ ಶಾಖವು ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾಗಿರುತ್ತದೆ, ಅಂದರೆ ವೋಲ್ಟೇಜ್ ಸ್ವಲ್ಪ ಇಳಿದರೆ ಶಾಖ ಬಹಳ ಇಳಿಯುತ್ತದೆ. 230 ವೋಲ್ಟ್‌ನಲ್ಲಿ 1500 ವಾಟ್ ಕೊಡುವ ಯಂತ್ರ 200 ವೋಲ್ಟ್‌ನಲ್ಲಿ ಸುಮಾರು 1130 ವಾಟ್, 180 ವೋಲ್ಟ್‌ನಲ್ಲಿ ಸುಮಾರು 920 ವಾಟ್, 160 ವೋಲ್ಟ್‌ಗೆ ಇಳಿದರೆ 730 ವಾಟ್‌ಗಿಂತಲೂ ಕಡಿಮೆ ಕೊಡುತ್ತದೆ. ಅಷ್ಟರಲ್ಲಿ ಕೋಳಿ ಬೇಯುತ್ತದೆ, ಆದರೆ ಗರಿಗರಿಯಾಗುವುದಿಲ್ಲ. ಮೇಲ್ಮೈಯಲ್ಲಿ ನೀರು ಇರುವ ತನಕ ಅಲ್ಲಿನ ಉಷ್ಣತೆ ನೀರು ಕುದಿಯುವ ಮಟ್ಟವನ್ನು ದಾಟುವುದಿಲ್ಲ; ಹೊಂಬಣ್ಣ ಮತ್ತು ಹುರಿದ ಘಮ ಬರಲು ಅದು ಸುಮಾರು 140 ಡಿಗ್ರಿಯನ್ನು ಮೀರಬೇಕು. ಒಳಗಿನಿಂದ ನೀರು ಬರುವ ವೇಗಕ್ಕಿಂತ ಅದನ್ನು ಆವಿಯಾಗಿಸುವ ವೇಗ ಹೆಚ್ಚಿದ್ದರೆ ಮಾತ್ರ ಹೊರಪದರ ಒಣಗಿ ಆ ಮಟ್ಟಕ್ಕೆ ಏರುತ್ತದೆ. ವೋಲ್ಟೇಜ್ ಇಳಿದ ಸಂಜೆ ಈ ಲೆಕ್ಕ ತಲೆಕೆಳಗಾಗುತ್ತದೆ, ಮತ್ತು ಕೋಳಿ ತನ್ನದೇ ಹಬೆಯಲ್ಲಿ ಅಕ್ಕಿ ಉಂಡೆ ಕಡಂಬುಟ್ಟಿನಂತೆ ಬೆಂದುಬಿಡುತ್ತದೆ.

ಟ್ರಾನ್ಸ್‌ಫಾರ್ಮರ್‌ನಿಂದ ದೂರವಿರುವ ತೋಟದ ಮನೆಗಳಲ್ಲಿ, ಉದ್ದನೆಯ ತಂತಿಯ ಕೊನೆಯಲ್ಲಿರುವ ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ, ಎಲ್ಲರೂ ಗೀಸರ್ ಮತ್ತು ಮೋಟರ್ ಹಾಕುವ ಹೊತ್ತಿನಲ್ಲಿ ಈ ಇಳಿತ ಸಹಜ. ಹಳೆಯ ತಂತಿ ಬಲ್ಬುಗಳಿದ್ದ ಕಾಲದಲ್ಲಿ ವೋಲ್ಟೇಜ್ ಇಳಿದರೆ ಬಲ್ಬೇ ಮಂಕಾಗಿ ಎಲ್ಲರಿಗೂ ಗೊತ್ತಾಗುತ್ತಿತ್ತು. ಈಗಿನ ಬಹುಪಾಲು ಎಲ್‌ಇಡಿ ಬಲ್ಬುಗಳು 180 ವೋಲ್ಟ್‌ನಲ್ಲೂ ಅದೇ ಬೆಳಕು ಕೊಡುವುದರಿಂದ ಅಡುಗೆ ಮಾಡುವವರಿಗೆ ಸುಳಿವೇ ಸಿಗುವುದಿಲ್ಲ. ಆದ್ದರಿಂದ ಅಳೆದು ನೋಡಬೇಕು. ಹಲವು ಡಿಜಿಟಲ್ ಮೀಟರ್‌ಗಳ ಪರದೆಯಲ್ಲಿ ಸರದಿಯಂತೆ ಬರುವ ಅಂಕಿಗಳಲ್ಲಿ ವೋಲ್ಟೇಜ್ ಕೂಡ ಇರುತ್ತದೆ. ಫ್ರಿಜ್ಜಿನ ಸ್ಟೆಬಿಲೈಸರ್‌ಗೆ ಪರದೆಯಿದ್ದರೆ ಅದೂ ತೋರಿಸುತ್ತದೆ. ಅಳೆಯುವುದು ಯಂತ್ರ ಓಡುತ್ತಿರುವಾಗಲೇ ಆಗಬೇಕು, ಏಕೆಂದರೆ ಹೊರೆ ಬಿದ್ದಾಗಲೇ ಇಳಿತ ತಿಳಿಯುವುದು. ತಿರುಗಿಸುವ ಗುಬುಟಿಯ ಮಾದರಿಗಳಲ್ಲಿ ಇನ್ನೊಂದು ಗುರುತಿದೆ. ನಿಗದಿತ ಉಷ್ಣತೆ ಮುಟ್ಟಿದಾಗ ಕಾಯಿಲ್‌ನ ಸೂಚಕ ದೀಪ ಆರಿ, ಸ್ವಲ್ಪ ತಣಿದ ಮೇಲೆ ಮತ್ತೆ ಹೊತ್ತಿಕೊಳ್ಳಬೇಕು. ಖಾಲಿ ಬುಟ್ಟಿಯಿಟ್ಟು ಹತ್ತು ನಿಮಿಷ ಓಡಿಸಿದರೂ ಆ ದೀಪ ಒಮ್ಮೆಯೂ ಆರದಿದ್ದರೆ ಯಂತ್ರ ಆ ಉಷ್ಣತೆಯನ್ನು ಮುಟ್ಟಲೇ ಇಲ್ಲ ಎಂದರ್ಥ.

ವೋಲ್ಟೇಜ್ 200ಕ್ಕಿಂತ ಕೆಳಗಿದ್ದರೆ ಪರಿಹಾರ ಸಮಯ ಹೆಚ್ಚಿಸುವುದಲ್ಲ. ಅದರಿಂದ ಮಾಂಸ ಒಣಗಿ ಹೊರಪದರ ತೊಗಲಾಗುತ್ತದೆ. ಕೋಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ ಎರಡು ಸಲ ಮಾಡುವುದು ಉತ್ತಮ, ಅಥವಾ ಮಧ್ಯಾಹ್ನವೇ ಬೇಯಿಸಿ ಫ್ರಿಜ್ಜಿನಲ್ಲಿಟ್ಟು ರಾತ್ರಿ ಬಿಸಿ ಮಾಡಿಕೊಳ್ಳುವುದು. ಫ್ರಿಜ್ಜಿಗೆಂದು ತಂದ ಸಣ್ಣ ಸ್ಟೆಬಿಲೈಸರ್‌ಗೆ ಇದನ್ನು ಸಿಕ್ಕಿಸಲೇಬಾರದು. ಇದರ ಹೊರೆಗೆ ಕನಿಷ್ಠ 2 ಕೆವಿಎ ಸಾಮರ್ಥ್ಯದ್ದು ಬೇಕಾಗುತ್ತದೆ, ಮತ್ತು ಬರಿ ಕೋಳಿ ಹುರಿಯಲು ಅಷ್ಟು ಖರ್ಚು ಮಾಡುವುದು ನನಗಂತೂ ದಂಡವೆನಿಸುತ್ತದೆ. ಪ್ಲಗ್ ಪಾಯಿಂಟನ್ನೂ ಗಮನಿಸಬೇಕು. 1500 ವಾಟ್‌ನ ಯಂತ್ರ 6.5 ಆಂಪಿಯರ್‌ನಷ್ಟು ಎಳೆಯುತ್ತದೆ; ಅದರ ದಪ್ಪ ಪಿನ್ನುಗಳಿಗೆ ಅಡಾಪ್ಟರ್ ಹಾಕಿ 6 ಆಂಪಿಯರ್‌ನ ಸಣ್ಣ ಪಾಯಿಂಟಿಗೆ ತುರುಕಿದರೆ ಸಡಿಲ ಸಂಪರ್ಕದಲ್ಲಿ ಶಾಖ ವ್ಯರ್ಥವಾಗುವುದರ ಜೊತೆಗೆ ಪ್ಲಾಸ್ಟಿಕ್ ಕರಗುವ ಅಪಾಯವೂ ಇದೆ. ಬಳಸಿದ ಮೇಲೆ ಪ್ಲಗ್ ಮುಟ್ಟಲಾರದಷ್ಟು ಬಿಸಿಯಿದ್ದರೆ ಅಂದಿಗೆ ಅಡುಗೆ ನಿಲ್ಲಿಸಿ 16 ಆಂಪಿಯರ್‌ನ ಪವರ್ ಪಾಯಿಂಟ್ ಹಾಕಿಸಿಕೊಳ್ಳುವುದೇ ಸರಿ.

ಯಂತ್ರ ಸರಿಯಿದ್ದೂ ಕೋಳಿ ಮೆತ್ತಗಾದರೆ

ತುಂಡುಗಳ ಮೇಲ್ಭಾಗ ಗರಿಗರಿಯಾಗಿ ಅಡಿಭಾಗ ಒದ್ದೆಯಾಗಿದ್ದರೆ ಬೇರೇನೂ ಹುಡುಕಬೇಕಾಗಿಲ್ಲ, ಬುಟ್ಟಿಯ ತಳದಲ್ಲಿ ಹಾಕಿದ ಪೇಪರ್, ಫಾಯಿಲ್ ಅಥವಾ ಸಿಲಿಕೋನ್ ತಟ್ಟೆಯೇ ಕಾರಣ. ತೊಳೆಯುವ ಕಷ್ಟ ತಪ್ಪಲೆಂದು ಹಾಕಿದ ಅದು ಕೆಳಗಿನಿಂದ ಬರುವ ಗಾಳಿಯನ್ನು ತಡೆಯುತ್ತದೆ, ಜೊತೆಗೆ ಇಳಿದ ರಸವನ್ನು ಅಲ್ಲೇ ಹಿಡಿದಿಡುತ್ತದೆ. ತುಂಡುಗಳ ಬದಿಗಳು, ಅಂದರೆ ಒಂದಕ್ಕೊಂದು ತಾಗಿದ ಜಾಗಗಳು ಮಾತ್ರ ಬಿಳಿಯಾಗಿದ್ದರೆ ಬುಟ್ಟಿ ತುಂಬಿ ತುಳುಕಿದೆ. ನೆಂಟರು ಬಂದಾಗ ಒಂದು ಕಿಲೋವನ್ನು ಒಮ್ಮೆಗೇ ಸುರಿಯುವ ಆಸೆ ಸಹಜವೇ, ಆದರೆ ಆಗ ಹೊರಹೋಗಬೇಕಾದ ನೀರೂ ಎರಡರಷ್ಟಾಗುತ್ತದೆ ಎಂಬುದನ್ನು ಮರೆಯಬಾರದು.

ಎಲ್ಲ ಕಡೆಯೂ ಒಂದೇ ಸಮನೆ ಮೆತ್ತಗಿದ್ದರೆ ಕೋಳಿ ಒದ್ದೆಯಾಗಿಯೇ ಬುಟ್ಟಿಗೆ ಇಳಿದಿದೆ. ಅಂಗಡಿಯಿಂದ ತಂದ ಕೋಳಿಯನ್ನು ಅರಿಶಿನ ಹಾಕಿ ಮೂರು ನೀರಿನಲ್ಲಿ ತೊಳೆಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಹಸಿ ಕೋಳಿಯನ್ನು ನಲ್ಲಿಯಡಿ ತೊಳೆದರೆ ರೋಗಾಣುಗಳು ಸುತ್ತಲೂ ಸಿಡಿಯುವುದರಿಂದ ಆಹಾರ ಸುರಕ್ಷತೆಯ ದೃಷ್ಟಿಯಿಂದ ಅದು ಒಳ್ಳೆಯದಲ್ಲ. ತೊಳೆಯಲೇಬೇಕು ಎನ್ನುವವರು ಪಾತ್ರೆಯೊಳಗೇ ತೊಳೆದು, ತೂತಿನ ಪಾತ್ರೆಯಲ್ಲಿ ಅರ್ಧ ಗಂಟೆ ಬಸಿದು, ಶುಭ್ರವಾದ ಬಟ್ಟೆಯಿಂದ ಪ್ರತಿ ತುಂಡನ್ನೂ ಒತ್ತಿ ಒರೆಸಬೇಕು. ಉಪ್ಪು ಹಚ್ಚಿ, ಮುಚ್ಚಳವಿಲ್ಲದೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಒಂದೆರಡು ಗಂಟೆ ಇಟ್ಟರೆ ಇನ್ನೂ ಉತ್ತಮ. ಅರ್ಧ ಕಿಲೋಗೆ ಮಟ್ಟಸವಾದ ಒಂದು ಟೀ ಚಮಚ ಉಪ್ಪು ಸಾಕು. ಮಜ್ಜಿಗೆಯಲ್ಲೋ ಮೊಸರಿನಲ್ಲೋ ನೆನೆಸಿದ್ದಾದರೆ ಹಿಟ್ಟಿಗೆ ಹಾಕುವ ಮೊದಲು ಚೆನ್ನಾಗಿ ಸೋರಿಸಬೇಕು. ಎಣ್ಣೆಯಲ್ಲಿ ಕರಿಯುವಾಗ ಬಳಸುವ ಬಜ್ಜಿ ಹಿಟ್ಟಿನಂಥ ತೆಳು ಹಿಟ್ಟು ಇಲ್ಲಿ ಸಲ್ಲದು. ಬಿಸಿ ಎಣ್ಣೆ ಅದನ್ನು ಕ್ಷಣದಲ್ಲಿ ಗಟ್ಟಿ ಮಾಡುತ್ತದೆ, ಬಿಸಿಗಾಳಿಗೆ ಆ ಶಕ್ತಿಯಿಲ್ಲದೆ ಹಿಟ್ಟು ಕೆಳಗಿಳಿದು ಹೋಗುತ್ತದೆ.

ಚರ್ಮ ಸಹಿತ ಕೋಳಿಗೆ ಹಿಟ್ಟೇ ಬೇಡ. ಅರ್ಧ ಕಿಲೋಗೆ ಒಂದು ಟೀ ಚಮಚ ಬೇಕಿಂಗ್ ಪೌಡರ್ ಮತ್ತು ಉಪ್ಪು ಸವರಿದರೆ ಮೇಲ್ಮೈ ಕ್ಷಾರೀಯವಾಗಿ ಚರ್ಮ ಬೇಗ ಬಣ್ಣಕ್ಕೆ ತಿರುಗುತ್ತದೆ, ಅದರ ಕೊಬ್ಬೇ ಎಣ್ಣೆಯ ಕೆಲಸ ಮಾಡುತ್ತದೆ. ಬೇಕಿಂಗ್ ಪೌಡರ್ ಎಂದುಕೊಂಡು ಅಷ್ಟೇ ಪ್ರಮಾಣದ ಅಡುಗೆ ಸೋಡಾ ಹಾಕಿದರೆ ಸೋಪಿನ ರುಚಿ ಬರುತ್ತದೆ.

ಹಿಟ್ಟಿನ ದೋಷಗಳು

ಹೊರಪದರದ ಮೇಲೆ ಸುಣ್ಣ ಬಳಿದಂತೆ ಬಿಳಿ ಮಚ್ಚೆಗಳು ಉಳಿದಿದ್ದರೆ ಆ ಜಾಗಕ್ಕೆ ಎಣ್ಣೆ ತಲುಪಿಲ್ಲ. ಗಾಳಿ ಹಿಟ್ಟನ್ನು ಒಣಗಿಸಬಲ್ಲದೇ ಹೊರತು ಹುರಿಯಲಾರದು. ಹುರಿಯಲು ಕೊಬ್ಬು ಬೇಕು. ಎಣ್ಣೆಯೇ ಇಲ್ಲದ ಫ್ರೈ ಎಂಬ ಜಾಹೀರಾತಿನ ಮಾತನ್ನು ನಂಬಿದವರಿಗೆ ಬರುವ ತೊಂದರೆ ಇದು. ಅರ್ಧ ಕಿಲೋಗೆ ಎರಡರಿಂದ ಮೂರು ಟೀ ಚಮಚ ಎಣ್ಣೆಯನ್ನು ಸ್ಪ್ರೇ ಬಾಟಲಿಯಿಂದ ಎರಡೂ ಬದಿಗೆ ಸಿಂಪಡಿಸಿದರೆ ಸಾಕಾಗುತ್ತದೆ, ಮತ್ತು ತಿರುವಿ ಹಾಕಿದಾಗ ಕಂಡ ಬಿಳಿ ಜಾಗಗಳಿಗೆ ಮತ್ತೊಂದಿಷ್ಟು.

ಹಿಟ್ಟು ಕಳಚಿ ಬೀಳುವುದಕ್ಕೆ ಆತುರವೇ ಕಾರಣ. ಹಿಟ್ಟಿನಲ್ಲಿ ಹೊರಳಿಸಿದ ತುಂಡುಗಳನ್ನು ಹದಿನೈದು ನಿಮಿಷ ಹಾಗೆಯೇ ಬಿಟ್ಟರೆ ಒಣ ಬಿಳಿ ಹುಡಿ ಮಾಂಸದ ತೇವವನ್ನು ಹೀರಿ, ಬಣ್ಣ ತುಸು ಗಾಢವಾಗಿ, ಬೆರಳಿನಿಂದ ಮುಟ್ಟಿದರೆ ಅಂಟಿಯೂ ಅಂಟದಂತಿರುವ ಹದಕ್ಕೆ ಬರುತ್ತದೆ. ಆಮೇಲೆ ಬುಟ್ಟಿಗಿಟ್ಟರೆ ಫ್ಯಾನಿಗೆ ಹಾರುವುದಿಲ್ಲ. ಮೊದಲ ಎಂಟು ನಿಮಿಷ ತಿರುವಿ ಹಾಕಲೂಬಾರದು.

ಹೊರಪದರ ಗರಿಗರಿಯ ಬದಲು ತೊಗಲಿನಂತೆ ಜಗಿಯಬೇಕಾಗಿ ಬಂದರೆ ಮೈದಾ ಹೆಚ್ಚಾಗಿದೆ, ಏಕೆಂದರೆ ಮೈದಾದ ಗ್ಲುಟನ್ ಎಂಬ ಪ್ರೋಟೀನ್ ನೀರು ಸೇರಿದಾಗ ಎಳೆಎಳೆಯಾಗುತ್ತದೆ. ಅರ್ಧ ಪಾಲು ಮೈದಾ, ಉಳಿದರ್ಧ ಕಾರ್ನ್‌ಫ್ಲೋರ್ ಅಥವಾ ಅಕ್ಕಿ ಹಿಟ್ಟು ಒಳ್ಳೆಯ ಹದ. ಹಬೆಯ ತಿಂಡಿ ಪಾಪುಟ್ಟಿಗೆಂದು ಇಟ್ಟ ಅಕ್ಕಿ ತರಿಯನ್ನು ಲೇಪಕ್ಕೆ ಬಳಸಿದರೆ ಮಾತ್ರ ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ. ತರಿ ಬೇಯುವಷ್ಟು ನೀರು ಅಲ್ಲಿಲ್ಲ. ಮಳೆ ತನ್ನ ಮೊದಲ ಕೆಲಸ ಮಾಡುವುದು ಈ ಹಿಟ್ಟಿನ ಡಬ್ಬಿಯಲ್ಲಿ. ನಾಪೋಕ್ಲು, ಭಾಗಮಂಡಲದ ಕಡೆಯ ಮನೆಗಳಲ್ಲಿ ಜುಲೈ ಹೊತ್ತಿಗೆ ಉಪ್ಪಿನ ಭರಣಿಯಲ್ಲಿ ನೀರಾಡುತ್ತದೆ. ಉಪ್ಪು ಒದ್ದೆಯಾಗಿದ್ದರೆ ಹಿಟ್ಟೂ ತೇವ ಹೀರಿದೆ ಎಂದೇ ತಿಳಿಯಬೇಕು. ಮುಷ್ಟಿಯಲ್ಲಿ ಹಿಂಡಿದ ಅಕ್ಕಿ ಹಿಟ್ಟು ಕೈ ಬಿಚ್ಚಿದ ಮೇಲೂ ಉಂಡೆಯಾಗಿಯೇ ಕುಳಿತರೆ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಬಣ್ಣ ಬದಲಾಗದಂತೆ, ಕೈಗೆ ಹಗುರವೆನಿಸುವ ತನಕ ಬೆಚ್ಚಗೆ ಮಾಡಿ ಆರಿಸಿ ಬಳಸಬೇಕು.

ಬಣ್ಣ ಬಂದಿದೆ, ಗರಿಗರಿಯಿಲ್ಲ

ಇದು ಕಾಚಂಪುಳಿ, ಅಂದರೆ ಹಣ್ಣಿನ ರಸ ಕುದಿಸಿ ಮಾಡುವ ಹುಳಿ, ಬಳಸುವ ಮನೆಗಳ ವಿಶೇಷ ದೋಷ. ಕಾಚಂಪುಳಿ ಕಪ್ಪಗಿರುವುದರಿಂದ ಅದರಲ್ಲಿ ನೆನೆದ ಕೋಳಿ ಹತ್ತೇ ನಿಮಿಷದಲ್ಲಿ ಚೆನ್ನಾಗಿ ಹುರಿದಂತೆ ಕಾಣುತ್ತದೆ, ನೋಡಿದವರು ಹೊರತೆಗೆಯುತ್ತಾರೆ, ಕಚ್ಚಿದರೆ ಮೆತ್ತಗಿರುತ್ತದೆ. ಕಣ್ಣನ್ನು ಇಲ್ಲಿ ನಂಬುವಂತಿಲ್ಲ. ಇಕ್ಕಳದಿಂದ ಮೇಲ್ಮೈಯನ್ನು ಕೆರೆದು ಸದ್ದು ಕೇಳಬೇಕು. ಇನ್ನೊಂದು ತೊಡಕೂ ಇದೆ. ಹುಳಿ ಮೇಲ್ಮೈಯನ್ನು ಆಮ್ಲೀಯವಾಗಿಸುತ್ತದೆ, ಮತ್ತು ಆಮ್ಲದಲ್ಲಿ ಮಾಂಸ ಹೊಂಬಣ್ಣಕ್ಕೆ ತಿರುಗುವ ಕ್ರಿಯೆ ನಿಧಾನವಾಗುತ್ತದೆ. ಬೇಕಿಂಗ್ ಪೌಡರನ್ನೂ ಕಾಚಂಪುಳಿಯನ್ನೂ ಒಟ್ಟಿಗೆ ಹಾಕಿದರೆ ಎರಡೂ ನೊರೆಯೆದ್ದು ಒಂದನ್ನೊಂದು ತಿಂದುಹಾಕುತ್ತವೆ, ಹುಳಿಯೂ ಉಳಿಯುವುದಿಲ್ಲ, ಗರಿಗರಿಯೂ ಬರುವುದಿಲ್ಲ. ಅರ್ಧ ಕಿಲೋಗೆ ಅರ್ಧ ಟೀ ಚಮಚ ಕಾಚಂಪುಳಿ, ಅರ್ಧ ಗಂಟೆಯಷ್ಟೇ ನೆನೆಸುವುದು, ಬೇಕಿಂಗ್ ಪೌಡರ್ ಬಿಡುವುದು ಒಂದು ದಾರಿ. ನನಗೆ ಮೆಚ್ಚುಗೆಯಾದ ದಾರಿ ಬೇರೆ: ಕೋಳಿಗೆ ಹುಳಿಯನ್ನೇ ಹಾಕದೆ, ಕಾಚಂಪುಳಿ, ಜಜ್ಜಿದ ಸೂಜಿಮೆಣಸು, ಬೆಳ್ಳುಳ್ಳಿ ಸೇರಿಸಿದ ಚಟ್ನಿಯನ್ನು ಪಕ್ಕದಲ್ಲಿಟ್ಟು ಅದ್ದಿಕೊಂಡು ತಿನ್ನುವುದು.

ಹಂದಿ ಮಾಂಸದ ಪಂದಿ ಕರಿಗೆಂದು ಕಪ್ಪಗೆ ಹುರಿದು ಪುಡಿ ಮಾಡಿಟ್ಟ ಮಸಾಲೆಯನ್ನು ಹೊರಪದರಕ್ಕೆ ಹಾಕಿದರೂ ಇದೇ ಮೋಸ, ಜೊತೆಗೆ ಕಹಿ. ಒಮ್ಮೆ ಹುರಿದದ್ದು ಮತ್ತೆ 190 ಡಿಗ್ರಿಯಲ್ಲಿ ಕಾಲು ಗಂಟೆ ಕೂತರೆ ಸುಟ್ಟೇ ಹೋಗುತ್ತದೆ. ಕರಿಮೆಣಸಿನ ಪುಡಿಯನ್ನು ಹೊರತೆಗೆದ ಕೂಡಲೇ ಮೇಲೆ ಉದುರಿಸಿದರೆ ಘಮವೂ ಉಳಿಯುತ್ತದೆ.

ಹೊರಗೆ ಕಂದಿ ಒಳಗೆ ಹಸಿಯಾಗಿದ್ದರೆ

ಫ್ರೀಜರ್‌ನಿಂದ ತೆಗೆದ ಕೋಳಿ ಪೂರ್ತಿ ಕರಗಿರಲಿಲ್ಲ, ಅಥವಾ ಲೆಗ್ ಪೀಸನ್ನು ಆರಂಭದಿಂದಲೇ 200 ಡಿಗ್ರಿಯಲ್ಲಿ ಇಡಲಾಗಿದೆ. 170 ಡಿಗ್ರಿಯಲ್ಲಿ 18 ನಿಮಿಷ, ಆಮೇಲೆ 200ರಲ್ಲಿ ಐದಾರು ನಿಮಿಷ ಕೊಟ್ಟರೆ ಸರಿಹೋಗುತ್ತದೆ. ಎಲುಬಿನ ಪಕ್ಕದ ಕೆಂಪು ಬಣ್ಣ ನೋಡಿ ತೀರ್ಮಾನಿಸಬಾರದು. ಎಳೆಯ ಬ್ರಾಯ್ಲರ್‌ನ ಎಲುಬಿನ ಮಜ್ಜೆಯಿಂದ ಬೆಂದ ಮಾಂಸಕ್ಕೂ ಆ ಬಣ್ಣ ಇಳಿಯುತ್ತದೆ. ಅಡುಗೆ ಥರ್ಮಾಮೀಟರ್‌ನ ಮೊನೆಯನ್ನು ಎಲುಬಿಗೆ ತಾಗದಂತೆ ದಪ್ಪ ಭಾಗಕ್ಕೆ ಚುಚ್ಚಿದಾಗ 74 ಡಿಗ್ರಿ ತೋರಿಸಿದರೆ ಬೆಂದಿದೆ.

ತೆಗೆದಾಗ ಗರಿಗರಿ, ಬಡಿಸುವಾಗ ಮೆತ್ತಗೆ

ಮಳೆಯ ಎರಡನೆಯ ಕೆಲಸ ಇದು, ಆದರೆ ಮಳೆಗಿಂತ ಹೆಚ್ಚು ತಪ್ಪು ಹಾಟ್‌ಬಾಕ್ಸ್‌ನದ್ದು. ಬಿಸಿ ಆರದಿರಲೆಂದು ಅದರೊಳಗಿಟ್ಟ ಕೋಳಿ ಇನ್ನೂ ಆವಿ ಬಿಡುತ್ತಿರುತ್ತದೆ. ಐದೇ ನಿಮಿಷ ಬಿಟ್ಟು ಮುಚ್ಚಳ ತೆರೆದರೆ ಅದರ ಒಳಮೈಯಿಂದ ಹನಿಗಳು ಕೋಳಿಯ ಮೇಲೆಯೇ ಉದುರುವುದು ಕಾಣುತ್ತದೆ. ತಟ್ಟೆಯ ಮೇಲೆ ಸುರಿದರೂ ಅಡಿಭಾಗ ಬೆವರುತ್ತದೆ. ಕಾಲುಗಳಿರುವ ತಂತಿ ಜಾಲರಿಯ ಮೇಲೆ ಬಿಡಿಬಿಡಿಯಾಗಿಟ್ಟು ಬಡಿಸಬೇಕು. ಕುಶಾಲನಗರದ ಕಡೆಯ ಒಣ ಹವೆಯಲ್ಲಿ ಅದು ಸಾಕಷ್ಟು ಹೊತ್ತು ತಡೆಯುತ್ತದೆ. ಎಡೆಬಿಡದ ಮಳೆಯ ದಿನ ಹೊರಪದರ ಸುತ್ತಲಿನ ತೇವವನ್ನೂ ಹೀರುವುದರಿಂದ ಬೇಗ ಬಡಿಸುವುದೇ ಕ್ಷೇಮ. ಮೆತ್ತಗಾದದ್ದನ್ನು 160 ಡಿಗ್ರಿಯಲ್ಲಿ ಮೂರು ನಾಲ್ಕು ನಿಮಿಷ ಇಟ್ಟರೆ ಬಹುಮಟ್ಟಿಗೆ ಮರಳಿ ಬರುತ್ತದೆ.

ಹೊಗೆ, ಮತ್ತು ನಡುವೆ ಕರೆಂಟ್ ಹೋದರೆ

ಬಿಳಿ ಹೊಗೆ ಬಂದರೆ ಕೆಳಗೆ ಇಳಿದ ಕೊಬ್ಬು ಕಾಯುತ್ತಿದೆ. ಡ್ರಾಯರ್‌ನ ತಳದಲ್ಲಿ, ಬುಟ್ಟಿಯ ಕೆಳಗೆ, ಒಂದು ಬ್ರೆಡ್ ಹೋಳು ಇಟ್ಟರೆ ಅದನ್ನು ಹೀರಿಕೊಳ್ಳುತ್ತದೆ. ಕಪ್ಪು ಹೊಗೆಯಾದರೆ ಏನೋ ಸುಡುತ್ತಿದೆ, ನಿಲ್ಲಿಸಿ ನೋಡಬೇಕು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಮೊದಲು ಮೇನ್ ಸ್ವಿಚ್ ಆರಿಸಿ ಆಮೇಲೆ ಪ್ಲಗ್ ಕಿತ್ತುಬಿಡಬೇಕು.

ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಅದು ಹತ್ತು ನಿಮಿಷಕ್ಕೂ ಬರಬಹುದು, ಮರುದಿನಕ್ಕೂ ಬರಬಹುದು. ಮನೆಯ ಸಾಮಾನ್ಯ ಇನ್ವರ್ಟರ್ ಈ ಹೊರೆಯನ್ನು ಹೊರುವುದಿಲ್ಲ. ಹತ್ತು ನಿಮಿಷ ಡ್ರಾಯರ್ ತೆರೆಯದೆ ಕಾಯಬಹುದು. ಅದಕ್ಕೂ ಮೀರಿದರೆ ಕೋಳಿಯನ್ನು ಗ್ಯಾಸಿನ ಮೇಲೆ ದಪ್ಪ ತಳದ ಕಾವಲಿಗೆ ವರ್ಗಾಯಿಸಿ, ಎರಡು ಚಮಚ ಎಣ್ಣೆ ಬಿಟ್ಟು, ಮುಚ್ಚದೆ ಬೇಯಿಸಿ ಮುಗಿಸಬೇಕು. ಅರೆಬೆಂದ ಕೋಳಿಯನ್ನು ಬೆಚ್ಚಗಿನ ಬುಟ್ಟಿಯಲ್ಲಿ ಗಂಟೆಗಟ್ಟಲೆ ಬಿಡುವುದೂ, ಫ್ರಿಜ್ಜಿನಲ್ಲಿಟ್ಟು ನಾಳೆ ಮುಂದುವರಿಸುವುದೂ ಅಪಾಯ, ಏಕೆಂದರೆ 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಯಂತ್ರದ ಪ್ಲಗ್ ತೆಗೆದಿಟ್ಟು, ಕರೆಂಟ್ ಬಂದು ವೋಲ್ಟೇಜ್ ನೆಲೆನಿಂತ ಮೇಲೆ ಹಾಕಬೇಕು. ಆಗ ಫ್ಯಾನ್ ತಿರುಗಿಯೂ ಗಾಳಿ ತಣ್ಣಗೇ ಬರುತ್ತಿದ್ದರೆ ಕಾಯಿಲ್ ಅಥವಾ ಅದರ ಥರ್ಮಲ್ ಫ್ಯೂಸ್ ಹೋಗಿರಬಹುದು, ಇದನ್ನು ಮನೆಯಲ್ಲಿ ಬಿಚ್ಚಬಾರದು. ಸರ್ವಿಸ್ ಸೆಂಟರ್‌ಗೆ ಒಯ್ಯುವಾಗ ಬಿಲ್ಲಿನ ಜೊತೆಗೆ ಡ್ರಾಯರ್ ಮತ್ತು ಬುಟ್ಟಿಯನ್ನೂ ಕೊಂಡೊಯ್ಯಬೇಕು. ಡ್ರಾಯರ್ ಒಳಗೆ ಸರಿಯಾಗಿ ಕೂರದಿದ್ದರೆ ಸುರಕ್ಷತಾ ಸ್ವಿಚ್ ಯಂತ್ರವನ್ನು ಚಾಲೂ ಆಗಲು ಬಿಡುವುದಿಲ್ಲವಾದ್ದರಿಂದ ಅಲ್ಲಿ ಪರೀಕ್ಷಿಸಲು ಬರುವುದಿಲ್ಲ.